ಕೆರೆ ನೀರಲ್ಲಿ ಮೀನಿನ ಡಿಎನ್‌ಎ ಸಿಕ್ಕಿದೆ, ಮೀನು ಸಿಕ್ಕಿಲ್ಲ. ಈಗೇನು ಮಾಡೋದು?

ಕೆರೆಕಾವಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವು ಹತ್ತು ಜನ ಸೇರಿ ಒಂದು ಕೆರೆಯ ಮೇಲೆ ಕಣ್ಣಿಟ್ಟಿದ್ದೇವೆ. ಹಕ್ಕಿ ಎಣಿಸುವುದು, ಕಪ್ಪೆಯ ಕೂಗು ಕೇಳಿ ಬರೆದಿಡುವುದು, ವರ್ಷಕ್ಕೊಮ್ಮೆ ಬಲೆ ಬೀಸಿ ಮೀನು ನೋಡುವುದು, ಇಷ್ಟು ಮಾಡುತ್ತಿದ್ದೆವು. ಈ ಸಲ ಮೊದಲ ಬಾರಿಗೆ ಪರಿಸರ ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಮೂರು ಜಾಗ, ಜಾಗಕ್ಕೆ ಮೂರು ಬಾಟಲಿ, ಒಟ್ಟು 9 ಮಾದರಿ. ದಂಡೆಯಲ್ಲೇ ಸಿರಿಂಜ್ ಒತ್ತಿ ನೀರು ಸೋಸಿ, ಫಿಲ್ಟರ್‌ಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದೆವು.

ನಿನ್ನೆ ವರದಿ ಬಂತು. ಬಲೆಗೆ ಬೀಳುತ್ತಿದ್ದ ಮೀನುಗಳೆಲ್ಲ ಅದರಲ್ಲಿವೆ, ಎಂದೂ ಬೀಳದ ನಾಲ್ಕೈದು ಸಣ್ಣ ಮೀನುಗಳೂ ಇವೆ. ಕುಣಿದಾಡುವಷ್ಟು ಖುಷಿ. ಕೊನೆಯ ಸಾಲಿಗೆ ಬಂದಾಗ ಖುಷಿ ಇಳಿಯಿತು: ಟೆರಿಗೊಪ್ಲಿಕ್ತಿಸ್. ಅಕ್ವೇರಿಯಂ ಇಟ್ಟವರು ಸಕ್ಕರ್ ಮೀನು ಅಂತಾರಲ್ಲ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುವ ದಕ್ಷಿಣ ಅಮೆರಿಕದ ಮೀನು, ಅದೇ. 9ರಲ್ಲಿ ಒಂದೇ ಮಾದರಿಯಲ್ಲಿ ಇದೆ, ಅದೂ ಬರೀ 17 ರೀಡ್. ಉಳಿದ ಮೀನುಗಳ ರೀಡ್‌ಗಳು ಸಾವಿರಗಟ್ಟಲೆ ಇವೆ.

ಈ ಮೀನನ್ನು ಆ ಕೆರೆಯಲ್ಲಿ ನಮ್ಮ ಪೈಕಿ ಯಾರೂ ಕಂಡಿಲ್ಲ. ಗುಂಪು ಈಗ ಎರಡಾಗಿದೆ. ಒಂದು ಪಕ್ಷ ನಾಳೆಯೇ ಊರಿಗೆಲ್ಲ ಸಾರೋಣ ಅನ್ನುತ್ತಿದೆ, ಇನ್ನೊಂದು ಪಕ್ಷ 17 ರೀಡ್ ಅಂದರೆ ಕಸ, ಆ ಸಾಲು ಅಳಿಸಿಬಿಡೋಣ ಅನ್ನುತ್ತಿದೆ. ಅನುಭವ ಇರುವವರು ಹೇಳಿ.

ಬಲೆಬೀಸು

ಅಣ್ಣ, ಮೀನು ಇದೆಯೋ ಇಲ್ವೋ ನೋಡೋಕೆ ನೀರು ಸೋಸೋದು ಯಾಕೆ? ಮೂವತ್ತು ವರ್ಷದಿಂದ ಬಲೆ ಹಾಕ್ತಿದೀನಿ. ಇದ್ರೆ ಬೀಳುತ್ತೆ, ಬೀಳಲಿಲ್ಲ ಅಂದ್ರೆ ಇಲ್ಲ. ಅಷ್ಟೇ.

ಹೊಸಬಳು

ಕ್ಷಮಿಸಿ, ಬುಡದಿಂದಲೇ ಕೇಳ್ತೀನಿ. ನೀರಲ್ಲಿ ಮೀನಿನ ಡಿಎನ್‌ಎ ಹೇಗೆ ಬರುತ್ತೆ? ರೀಡ್ ಅಂದ್ರೆ ಏನು?

ಹಳೇ ಪಿಪೆಟ್ಟು

ಹೊಸಬಳು ಅವರೇ, ಕೇಳಿದ್ದು ಒಳ್ಳೆಯದಾಯಿತು, ಮುಂದಿನದೆಲ್ಲ ಇದರ ಮೇಲೇ ನಿಲ್ಲುತ್ತದೆ.

ನೀರಲ್ಲಿ ಬದುಕುವ ಪ್ರಾಣಿ ಸುಮ್ಮನೆ ಇರುವುದಿಲ್ಲ, ಸದಾ ಉದುರಿಸುತ್ತಲೇ ಇರುತ್ತದೆ: ಲೋಳೆ, ಚರ್ಮದ ಚೂರು, ಮಲ, ಮೊಟ್ಟೆ, ವೀರ್ಯ. ಅದರಲ್ಲಿರುವ ಜೀವಕೋಶಗಳು ನೀರಿಗೆ ಸೇರುತ್ತವೆ. ಒಂದೆರಡು ಲೀಟರ್ ನೀರನ್ನು 0.45 ಮೈಕ್ರಾನ್ ರಂಧ್ರದ ಫಿಲ್ಟರ್‌ನಲ್ಲಿ ಸೋಸಿದರೆ ಇವು ಅದರ ಮೇಲೆ ನಿಲ್ಲುತ್ತವೆ. ಕೆಸರು ನೀರಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಆಗ ದೊಡ್ಡ ರಂಧ್ರದ್ದು ಬಳಸುವುದುಂಟು. ಅದರಿಂದ ಡಿಎನ್‌ಎ ಬಿಡಿಸಿಕೊಳ್ಳುತ್ತೇವೆ.

ಆಮೇಲೆ ದಾರಿ ಎರಡು. ಒಂದು, ಒಂದೇ ಪ್ರಾಣಿಯನ್ನು ಹುಡುಕುವುದು. ಕೋವಿಡ್ ಕಾಲದಲ್ಲಿ ಎಲ್ಲರ ಮೂಗಿಗೂ ಕಡ್ಡಿ ಹಾಕಿ ಮಾಡಿದರಲ್ಲ, ಅದೇ ಜಾತಿಯ ಪಿಸಿಆರ್, ಅಂದರೆ ಬೇಕಾದ ಡಿಎನ್‌ಎ ತುಣುಕನ್ನು ಪ್ರತಿ ಮೇಲೆ ಪ್ರತಿ ಮಾಡಿ ಹೆಚ್ಚಿಸುವ ವಿಧಾನ; ಇಲ್ಲಿ ವೈರಸ್ ಬದಲು ಮೀನನ್ನು ಕೇಳುತ್ತೇವೆ. ಎರಡನೆಯದು ಮೆಟಾಬಾರ್‌ಕೋಡಿಂಗ್: 'ಯಾರ್ಯಾರು ಇದ್ದೀರಿ' ಅಂತ ಎಲ್ಲರನ್ನೂ ಒಟ್ಟಿಗೆ ಕೇಳುವುದು. ಮೀನುಗಳಿಗೆ ಸಾಮಾನ್ಯವಾಗಿ ಮೈಟೊಕಾಂಡ್ರಿಯದ 12ಎಸ್ ಅನ್ನೋ ಜೀನಿನ ಒಂದು ತುಣುಕು ಆರಿಸುತ್ತಾರೆ. ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಮಿಫಿಶ್ ಪ್ರೈಮರ್ (ಆ ತುಣುಕಿನ ಅಂಚಿಗೆ ಕಚ್ಚಿಕೊಳ್ಳುವ ಸಣ್ಣ ಡಿಎನ್‌ಎ ಚೂರು) ಈಗ ಎಲ್ಲೆಡೆ ಓಡುತ್ತಿದೆ. ಅದು ಹಿಡಿಯುವ ತುಣುಕು ಸುಮಾರು 170 ಅಕ್ಷರ ಉದ್ದ, ಅಷ್ಟರಲ್ಲೇ ಬಹುತೇಕ ಮೀನುಗಳ ಗುರುತು ಹತ್ತುತ್ತದೆ. ಯಂತ್ರ ಓದಿದ ಒಂದೊಂದು ತುಣುಕೂ ಒಂದು ರೀಡ್. ಅದನ್ನು ದತ್ತಾಂಶ ಭಂಡಾರದ ಜೊತೆ ಹೋಲಿಸಿ ಹೆಸರು ಹಚ್ಚುತ್ತಾರೆ. ಭಂಡಾರದಲ್ಲಿ ಇಲ್ಲದ ಮೀನಿಗೆ ಹೆಸರೂ ಇಲ್ಲ.

ಇನ್ನೊಂದು ಮಾತು. ರೀಡ್ ಸಂಖ್ಯೆ ಮೀನಿನ ಸಂಖ್ಯೆ ಅಲ್ಲ. ಕೆಲವು ಮೀನಿಗೆ ಪ್ರೈಮರ್ ಚೆನ್ನಾಗಿ ಕಚ್ಚುತ್ತದೆ, ಕೆಲವಕ್ಕೆ ಕಚ್ಚುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಬದುಕಿದೆಯೋ ಸತ್ತಿದೆಯೋ, ಈ ತುಣುಕು ಏನನ್ನೂ ಹೇಳುವುದಿಲ್ಲ.

ಬಲೆಬೀಸು

ಅಂದ್ರೆ ಅರ್ಧ ಗೊತ್ತಾಗಲ್ಲ ಅಂತಾಯ್ತು. 😀

ಗುಡ್ಡದಂಚು

ಬಲೆಬೀಸು ಅವರೇ, ಬಲೆಯಲ್ಲೂ ಅರ್ಧ ಗೊತ್ತಾಗಲ್ಲ. ಫ್ರಾನ್ಸಿನಲ್ಲಿ ಅಮೆರಿಕದ ಬುಲ್‌ಫ್ರಾಗ್ ಕಪ್ಪೆ ಹೊಂಡಗಳಿಗೆ ಹೊಕ್ಕಿತ್ತು. ನೀರಿನ ಡಿಎನ್‌ಎಯಿಂದ ಅದನ್ನು ಹಿಡಿಯಬಹುದು ಅಂತ 2008ರಲ್ಲಿ ತೋರಿಸಿದರು. ನೀರಿನ ಡಿಎನ್‌ಎಯಲ್ಲಿ ಪ್ರಾಣಿ ಹುಡುಕುವ ಈಗಿನ ಅಲೆ ಎದ್ದದ್ದು ಅಲ್ಲಿಂದ. 2012ರಲ್ಲಿ ಅಲ್ಲಿಯವರೇ ಎರಡೂ ವಿಧಾನ ಪಕ್ಕಪಕ್ಕ ಇಟ್ಟು ನೋಡಿದಾಗ, ಕಣ್ಣು-ಕಿವಿ ನಂಬಿದ ಸಮೀಕ್ಷೆಗೆ ಸಿಕ್ಕಿದ್ದು 7 ಹೊಂಡಗಳಲ್ಲಿ, ಡಿಎನ್‌ಎಗೆ ಸಿಕ್ಕಿದ್ದು 38ರಲ್ಲಿ. ಹೊರಗಿಂದ ಬಂದ ಪ್ರಾಣಿ ಎಣಿಕೆಯಲ್ಲಿ ಕಡಿಮೆ ಇರುವಾಗಲೇ ಕೈಗೆ ಸಿಗಬೇಕು. ಬಲೆಗೆ ಬೀಳುವಷ್ಟು ಆದಮೇಲೆ ಹೊತ್ತು ಮೀರಿರುತ್ತದೆ.

ಇಂಗ್ಲೆಂಡಿನಲ್ಲಂತೂ ಇದು ಕಚೇರಿ ಕೆಲಸವೇ ಆಗಿಬಿಟ್ಟಿದೆ. ಕಟ್ಟಡ ಕಟ್ಟುವ ಜಾಗದ ಹೊಂಡದಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಅನ್ನೋ ರಕ್ಷಿತ ಉಭಯಚರ ಇದೆಯಾ ಅಂತ ತಿಳಿಯಲು 2014ರಿಂದ ಡಿಎನ್‌ಎ ವರದಿಯನ್ನೇ ಒಪ್ಪುತ್ತಾರೆ. ಹೊಂಡದ ಸುತ್ತ 20 ಕಡೆಯಿಂದ ನೀರು, ಒಂದೊಂದು ಹೊಂಡಕ್ಕೆ 12 ಪಿಸಿಆರ್. 12ರಲ್ಲಿ ಎಷ್ಟು ಬಂತು ಅಂತ ವರದಿಯಲ್ಲಿ ಬರೆಯುತ್ತಾರೆ. ಮಾದರಿ ತೆಗೆಯುವುದಕ್ಕೂ ಏಪ್ರಿಲ್ ಮಧ್ಯದಿಂದ ಜೂನ್ ಕೊನೆವರೆಗೆ ಅಂತ ಗಡುವು, ಯಾಕೆಂದರೆ ಅವು ಸಂತಾನಕ್ಕೆ ನೀರಿಗಿಳಿಯುವುದು ಆಗಲೇ.

ಹಳೇ ಪಿಪೆಟ್ಟು

ಸರಿ, ಕೆರೆಕಾವಲು ಅವರ 17 ರೀಡಿಗೆ ಬರೋಣ. ನನ್ನ ಲೆಕ್ಕದಲ್ಲಿ ಅನುಮಾನ ನಾಲ್ಕು ಕಡೆ ಹೋಗುತ್ತದೆ.

ಪ್ರಯೋಗಾಲಯದ ಯಂತ್ರಕ್ಕೆ ನಿಮ್ಮ ಮಾದರಿ ಒಂದೇ ಹೋಗುವುದಿಲ್ಲ, ಬೇರೆಯವರದ್ದೂ ಸೇರಿ ಒಂದೇ ಸಲ ಓಡುತ್ತದೆ. ಯಾರದ್ದು ಯಾವುದು ಅಂತ ತಿಳಿಯಲು ಪ್ರತಿ ಮಾದರಿಗೂ ಡಿಎನ್‌ಎಯದ್ದೇ ಒಂದು ಚೀಟಿ ಅಂಟಿಸಿರುತ್ತಾರೆ. ಈ ಚೀಟಿಗಳು ಆಗೊಮ್ಮೆ ಈಗೊಮ್ಮೆ ಅದಲುಬದಲಾಗುತ್ತವೆ. ಪಕ್ಕದ ಯೋಜನೆಯಲ್ಲಿ ಸಕ್ಕರ್ ಮೀನು ಲಕ್ಷಗಟ್ಟಲೆ ರೀಡ್ ಕೊಟ್ಟಿದ್ದರೆ ನಿಮ್ಮ ಲೆಕ್ಕಕ್ಕೆ ಹದಿನೈದಿಪ್ಪತ್ತು ಬಂದು ಬೀಳುವುದು ದೊಡ್ಡ ಮಾತಲ್ಲ. ಮೊದಲು ಅವರನ್ನು ಕೇಳಿ: ಅದೇ ಓಟದಲ್ಲಿ ಬೇರೆ ಯಾವ ಮಾದರಿಯಲ್ಲಾದರೂ ಈ ಮೀನು ಇತ್ತಾ? ಋಣಾತ್ಮಕ ನಿಯಂತ್ರಣ ಮಾದರಿಗಳಲ್ಲಿ, ಅಂದರೆ ಯಾವ ಮೀನಿನ ಡಿಎನ್‌ಎಯೂ ಇರಬಾರದ ಮಾದರಿಗಳಲ್ಲಿ, ಏನು ಬಂತು?

ಎರಡನೆಯದು ದಂಡೆಯಲ್ಲಿ ಆದ ಕಲಬೆರಕೆ. ಮೂರನೆಯದು, ಡಿಎನ್‌ಎ ನಿಜವಾಗಿ ಕೆರೆಯದ್ದೇ, ಆದರೆ ಮೀನು ಕೆರೆಯಲ್ಲಿಲ್ಲ. ಯಾರೋ ಅಕ್ವೇರಿಯಂ ನೀರನ್ನು ಕಾಲುವೆಗೆ ಸುರಿದಿದ್ದಾರೆ. ಕೊನೆಯದು, ಮೀನು ಇದೆ.

ಒಂದು ಪ್ರಶ್ನೆ. ಫೀಲ್ಡ್ ಬ್ಲ್ಯಾಂಕ್ ಇಟ್ಟಿದ್ದಿರಾ?

ಕೆರೆಕಾವಲು

ಅದೇನು ಸರ್?

ಹಳೇ ಪಿಪೆಟ್ಟು

ಅಯ್ಯೋ.

ಮನೆಯಿಂದ ಶುದ್ಧ ನೀರಿನ ಬಾಟಲಿ ಒಯ್ದು, ಕೆರೆಯ ದಂಡೆಯಲ್ಲೇ ಮುಚ್ಚಳ ತೆಗೆದು, ಕೆರೆ ನೀರಿನ ಹಾಗೇ ಸೋಸಿ ಕಳಿಸಬೇಕು. ಅದರಲ್ಲೂ ಮೀನು ಬಂದರೆ, ಮೀನು ಇದ್ದದ್ದು ಕೆರೆಯಲ್ಲಲ್ಲ, ನಿಮ್ಮ ಕೈಯಲ್ಲಿ ಅಂತ ಅರ್ಥ. ಅದೊಂದು ಬಾಟಲಿ ಇಲ್ಲದೆ ಎರಡನೇ ಅನುಮಾನವನ್ನು ಈ ವರದಿಯಿಂದ ತಳ್ಳಿಹಾಕಲು ಸಾಧ್ಯವೇ ಇಲ್ಲ.

ಅಂಕಿಮನೆ

ಎಲ್ಲರೂ ಆ ಒಂದು ಮಾದರಿ ಸುಳ್ಳೋ ನಿಜವೋ ಅಂತ ನೋಡ್ತಿದೀರಿ. ಉಳಿದ 8 ಸುಮ್ಮನಿದ್ದವಲ್ಲ, ಅವನ್ನೂ ನಂಬಬೇಡಿ.

ಮೀನು ಅಪರೂಪಕ್ಕೆ ಇದೆ, ಒಂದು ಬಾಟಲಿಯಲ್ಲಿ ಅದರ ಡಿಎನ್‌ಎ ಸಿಗುವ ಸಾಧ್ಯತೆ ಶೇ 20 ಅಂತ ಇಟ್ಟುಕೊಳ್ಳಿ. 9 ಬಾಟಲಿಯಲ್ಲೂ ಸಿಗದೇ ಹೋಗುವ ಸಾಧ್ಯತೆ 0.8ರ ಒಂಬತ್ತನೇ ಘಾತ, ಅಂದರೆ ಶೇ 13. ಇಂಥ ಏಳೆಂಟು ಕೆರೆಗೆ ಹೋದರೆ ಒಂದು ಕೆರೆ ನಿಮ್ಮನ್ನು ಏಮಾರಿಸುತ್ತದೆ. 20 ಬಾಟಲಿ ಮಾಡಿದರೆ ಅದು ಶೇ 1ಕ್ಕೆ ಇಳಿಯುತ್ತದೆ. ಹಾಗಾಗಿ '9ರಲ್ಲಿ 1' ಅನ್ನುವುದು ಅಪರೂಪದ ಮೀನಿಗೆ ವಿಚಿತ್ರವಾದ ಫಲಿತಾಂಶ ಅಲ್ಲವೇ ಅಲ್ಲ. ಕಸ ಅಂತ ಅಳಿಸೋಣ ಅಂದವರಿಗೆ ಇದನ್ನು ಓದಿ ಹೇಳಿ.

ಊರಿಗೆಲ್ಲ ಸಾರೋಣ ಅಂದವರಿಗೆ ಹೇಳೋಕೆ ನನ್ನ ಹತ್ತಿರ ಲೆಕ್ಕ ಇಲ್ಲ, ಬರೀ ಬೈಗುಳ ಇದೆ.

ಚುರುಕುಮೆಣಸು

ನಾನು ಸಾರೋಣ ಪಕ್ಷ, ಬೈಯಿರಿ ಪರವಾಗಿಲ್ಲ. ಈ ಮೀನು ಹೊಕ್ಕ ನೀರುಗಳನ್ನು ನೋಡಿದ್ದೀರಾ? ಮೈಮೇಲೆ ಎಲುಬಿನ ಕವಚ, ನೀರಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ, ಗಂಡು ದಂಡೆಯ ಮಣ್ಣು ತೋಡಿ ಬಿಲ ಮಾಡುತ್ತದೆ, ದಂಡೆ ಕುಸಿಯುತ್ತದೆ. ಮೆಕ್ಸಿಕೊ, ಫ್ಲೋರಿಡಾ, ಫಿಲಿಪೀನ್ಸ್, ಎಲ್ಲಿ ನೆಲೆಯಾಯಿತೋ ಅಲ್ಲಿಂದ ಓಡಿಸುವುದು ತುಂಬಾ ಕಷ್ಟ. ಎರಡನೇ ಪರೀಕ್ಷೆ, ಮೂರನೇ ಪರೀಕ್ಷೆ ಅಂತ ಕೂತರೆ ಅದು ಮೊಟ್ಟೆ ಇಟ್ಟಿರುತ್ತದೆ. ಕೆರೆ ಬತ್ತಿಸಿ, ಇಲ್ಲ ಔಷಧ ಹಾಕಿ.

ತೆಂಕಣಗಾಳಿ

ಮಾರಾಯ್ರೆ, ಔಷಧ ಹಾಕುವ ಮೊದಲು ಷಿಕಾಗೋ ಕಾಲುವೆಯ ಕತೆ ಒಮ್ಮೆ ಕೇಳಿ.

ಏಷ್ಯಾದ ಬಿಗ್‌ಹೆಡ್ ಮತ್ತು ಸಿಲ್ವರ್ ಕಾರ್ಪ್ ಮೀನುಗಳು ಮಿಸಿಸಿಪ್ಪಿ ನದಿ ಜಾಲದಿಂದ ಮೇಲಕ್ಕೆ ಬರುತ್ತಿದ್ದವು. ಮಿಷಿಗನ್ ಸರೋವರಕ್ಕೆ ದಾಟದಿರಲಿ ಅಂತ ಕಾಲುವೆಯಲ್ಲಿ ನೀರಿಗೆ ವಿದ್ಯುತ್ ಹರಿಸಿ ತಡೆ ಕಟ್ಟಿದ್ದರು. 2009ರಲ್ಲಿ ನೋಟರ್‌ಡೇಮ್ ವಿಶ್ವವಿದ್ಯಾಲಯದ ತಂಡಕ್ಕೆ ತಡೆಯ ಆಚೆ ಕಡೆ, ಸರೋವರದ ದಿಕ್ಕಿಗೆ, ಈ ಮೀನುಗಳ ಡಿಎನ್‌ಎ ಸಿಕ್ಕಿತು. ಗದ್ದಲವೋ ಗದ್ದಲ. ಅದೇ ಡಿಸೆಂಬರ್‌ನಲ್ಲಿ ತಡೆಯ ದುರಸ್ತಿಗೆಂದು ಕೆಲ ಹೊತ್ತು ವಿದ್ಯುತ್ ನಿಲ್ಲಿಸಬೇಕಿತ್ತು, ಆ ಹೊತ್ತಿಗೆ ಕಾರ್ಪ್ ದಾಟಿಬಿಡಬಾರದು ಅಂತ ಕಾಲುವೆಗೆ ರೊಟೆನೋನ್ ಅನ್ನೋ ಮೀನು ಕೊಲ್ಲುವ ವಿಷ ಸುರಿದರು. ಟನ್‌ಗಟ್ಟಲೆ ಮೀನು ತೇಲಿತು. ಅಷ್ಟರಲ್ಲಿ ಕೈಗೆ ಸಿಕ್ಕ ಬಿಗ್‌ಹೆಡ್ ಕಾರ್ಪ್ ಒಂದೇ ಒಂದು.

ಹಾಗಾದರೆ ಡಿಎನ್‌ಎ ಸುಳ್ಳು ಅಂತೀರಾ? 2010ರ ಜೂನ್‌ನಲ್ಲಿ ತಡೆಯ ಆಚೆ, ಕ್ಯಾಲುಮೆಟ್ ಸರೋವರದಲ್ಲಿ, ದೊಡ್ಡದೊಂದು ಬಿಗ್‌ಹೆಡ್ ಬಲೆಗೆ ಬಿತ್ತು. ವ್ಯಾಜ್ಯ ನ್ಯಾಯಾಲಯಕ್ಕೂ ಹೋಯಿತು. ಆಮೇಲೆ ಸರ್ಕಾರಿ ವಿಜ್ಞಾನಿಗಳು ವರ್ಷಗಟ್ಟಲೆ ಕೂತು, ಬದುಕಿರುವ ಮೀನಿಲ್ಲದೆಯೂ ಡಿಎನ್‌ಎ ಎಲ್ಲೆಲ್ಲಿಂದ ಬರಬಹುದು ಅಂತ ಪಟ್ಟಿ ಮಾಡಿದರು: ಮೀನು ತಿಂದ ಹಕ್ಕಿಯ ಹಿಕ್ಕೆ, ದೋಣಿಯ ತಳ, ಹಿಡಿಯಲು ಬಳಸಿದ ಬಲೆ, ಚರಂಡಿ ನೀರು. ಈಗಲೂ ಅಲ್ಲಿ ಡಿಎನ್‌ಎ ಸಿಕ್ಕರೆ ವಿಷ ಸುರಿಯುವುದಿಲ್ಲ, ಸಿಕ್ಕ ಜಾಗದಲ್ಲಿ ಹುಡುಕಾಟ ಹೆಚ್ಚಿಸುತ್ತಾರೆ.

ನನಗೆ ಇದರಲ್ಲಿ ಕಂಡದ್ದು ಇಷ್ಟು: ನಾಯಿ ಬೊಗಳಿತು ಅಂತ ಎದ್ದು ದೀಪ ಹಚ್ಚುವುದು ಸರಿ, ಕತ್ತಲೆಗೆ ಕೋವಿ ಹೊಡೆಯುವುದು ಸರಿಯಲ್ಲ.

ಚುರುಕುಮೆಣಸು

ಕೋವಿ ಬೇಡ, ಒಪ್ಪಿದೆ. ಆದರೆ ದೀಪ ಬೇಗ ಹಚ್ಚಿ.

ಗುಡ್ಡದಂಚು

ಕೆರೆಗೆ ನೀರು ಬರುವ ಕಾಲುವೆ ಇದ್ದರೆ ಇನ್ನೊಂದು ತೊಡಕಿದೆ. ನಿಂತ ನೀರಲ್ಲಿ ಡಿಎನ್‌ಎ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಉಳಿಯುತ್ತದೆ. ಬಿಸಿಲು, ಬಿಸಿ, ಸೂಕ್ಷ್ಮಾಣುಗಳು ಅದನ್ನು ತಿಂದು ಹಾಕುತ್ತವೆ. ಹರಿಯುವ ನೀರಲ್ಲಿ ಅದು ಪ್ರಯಾಣ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಒಂದು ನದಿಯಲ್ಲಿ, ಸರೋವರದಲ್ಲಷ್ಟೇ ಇದ್ದ ಜೀವಿಗಳ ಡಿಎನ್‌ಎ 12 ಕಿಲೋಮೀಟರ್ ಕೆಳಗಿನವರೆಗೂ ಸಿಕ್ಕಿತ್ತು. ನಿಮಗೆ ಸಿಕ್ಕ ಬಾಟಲಿ ಕಾಲುವೆ ಬಾಯಿಯ ಹತ್ತಿರದ್ದಾ?

ಇನ್ನು ತಳದ ಕೆಸರು ಕಲಕಿದ್ದರೆ ಹಳೆಯ ಡಿಎನ್‌ಎ ಮೇಲೇಳುತ್ತದೆ. ಕೆಸರಿನಲ್ಲಿ ಅದರ ಆಯಸ್ಸು ಬೇರೆಯೇ. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಿಂದ ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎ ತೆಗೆದು, ಅಲ್ಲಿ ಒಮ್ಮೆ ಆನೆಯ ಬಳಗದ ಮ್ಯಾಸ್ಟೊಡಾನ್‌ಗಳು ಓಡಾಡಿದ್ದವು ಅಂತ 2022ರಲ್ಲಿ ತೋರಿಸಿದರು. ನಿಮ್ಮ ಕೆರೆಯ ಕೆಸರು ಅಷ್ಟು ತಣ್ಣಗಿಲ್ಲ, ಆದರೂ ನೀರಿಗಿಳಿದು ತುಳಿಯಬೇಡಿ, ದಂಡೆಯಿಂದಲೇ ತೆಗೆಯಿರಿ.

ಕೆರೆಕಾವಲು

ಸಿಕ್ಕಿದ್ದು ಕಾಲುವೆ ಬಾಯಿಯದ್ದಲ್ಲ, ಮೆಟ್ಟಿಲಿರುವ ಕಡೆಯದು. ಪ್ರಯೋಗಾಲಯದಿಂದ ಉತ್ತರವೂ ಬಂತು: ಆ ಓಟದಲ್ಲಿ ಬೇರೆ ಯಾವ ಮಾದರಿಯಲ್ಲೂ ಸಕ್ಕರ್ ಮೀನು ಇರಲಿಲ್ಲ, ಅವರ ನಿಯಂತ್ರಣ ಮಾದರಿಗಳಲ್ಲೂ ಏನೂ ಬಂದಿಲ್ಲ. ಅಂದರೆ ಚೀಟಿ ಅದಲುಬದಲು ಆಗಿರಲಿಕ್ಕಿಲ್ಲ.

ಹೊಸಬಳು

ಮಧ್ಯೆ ಬಾಯಿ ಹಾಕ್ತೀನಿ. ಈ ವಿದ್ಯೆಯಿಂದ ಸ್ಕಾಟ್ಲೆಂಡಿನ ಲಾಖ್ ನೆಸ್ ಸರೋವರದ ರಾಕ್ಷಸನನ್ನೂ ಹುಡುಕಿದರಂತೆ, ಹೌದಾ?

ಗುಡ್ಡದಂಚು

ಹೌದು. ನ್ಯೂಜಿಲೆಂಡಿನ ನೀಲ್ ಗೆಮ್ಮೆಲ್ ತಂಡ 2018ರಲ್ಲಿ ಸುಮಾರು 250 ನೀರಿನ ಮಾದರಿ ತೆಗೆಯಿತು. ಸರೀಸೃಪದ ಡಿಎನ್‌ಎ ಚೂರೂ ಸಿಗಲಿಲ್ಲ, ಹಾವುಮೀನಿನದ್ದು ಎಲ್ಲೆಲ್ಲೂ ಸಿಕ್ಕಿತು.

ಗಾಳಿಯಲ್ಲೂ ಮಾಡುತ್ತಾರೆ. ಕೋಪನ್‌ಹೇಗನ್ ಮೃಗಾಲಯದಲ್ಲಿ ಗಾಳಿ ಸೋಸಿ 49 ಜಾತಿಯ ಕಶೇರುಕಗಳನ್ನು ಗುರುತಿಸಿದರು. ಉಷ್ಣವಲಯದ ಮನೆಯ ತೊಟ್ಟಿಯಲ್ಲಿದ್ದ ಗಪ್ಪಿ ಮೀನು ಕೂಡ ಗಾಳಿಯಲ್ಲಿ ಸಿಕ್ಕಿತು! ಪ್ರಾಣಿಗಳಿಗೆ ಹಾಕಿದ ಮಾಂಸದ್ದೂ ಸಿಕ್ಕಿತು. ಬೋನಿನಲ್ಲಿ ಇದ್ದದ್ದು ಯಾವುದು, ಬಟ್ಟಲಿನಲ್ಲಿ ಇದ್ದದ್ದು ಯಾವುದು ಅಂತ ಯಂತ್ರ ಹೇಳುವುದಿಲ್ಲ.

ತೆಂಕಣಗಾಳಿ

ನನಗೆ ಇಷ್ಟವಾದದ್ದು ಇಂಬಳದ ಕತೆ. ವಿಯೆಟ್ನಾಂ ಕಾಡಿನ ಇಂಬಳ ಹಿಡಿದು, ಅವು ಕುಡಿದ ರಕ್ತದ ಡಿಎನ್‌ಎ ಓದಿ, ಕ್ಯಾಮೆರಾಕ್ಕೂ ಅಪರೂಪವಾಗಿದ್ದ ಪಟ್ಟೆ ಮೊಲವನ್ನು ಕಂಡುಹಿಡಿದರು. ನಮ್ಮ ರಕ್ತ ಕುಡಿದದ್ದಕ್ಕೆ ಒಮ್ಮೆಯಾದರೂ ಉಪಕಾರ ಆಯಿತು.

ನಂದಾದೀಪ

ಕೆರೆಕಾವಲು ಅಣ್ಣ, ನಿಮ್ಮ ಗುಂಪಿನವಳೇ ನಾನು, ಯಾರು ಅಂತ ಗೊತ್ತಾಗುತ್ತೆ. ಎರಡು ದಿನದಿಂದ ಬರೆಯೋದೋ ಬೇಡವೋ ಅಂತ ಯೋಚಿಸ್ತಿದ್ದೆ. ಆವತ್ತು ಮೆಟ್ಟಿಲ ಹತ್ತಿರ ನೀರು ಎತ್ತಿದ್ದು ನಾನು ತಂದ ಮಗ್ಗಿನಲ್ಲಿ. ಬಾಟಲಿ ಬಾಯಿ ಕೈಗೆ ಎಟಕುತ್ತಿರಲಿಲ್ಲ ಅಂತ. ಆ ಮಗ್ಗು ಮನೆಯ ಅಕ್ವೇರಿಯಂನ ನೀರು ಬದಲಿಸೋ ಮಗ್ಗು. ಸೋಪು ಹಾಕಿ ತೊಳೆದಿದ್ದೆ. ನಮ್ಮ ತೊಟ್ಟಿಯಲ್ಲಿ ಸಕ್ಕರ್ ಮೀನು ಇದೆ.

ಕ್ಷಮಿಸಿ.

ಬಲೆಬೀಸು

😂😂 ತಂಗಿ, ಬೇಜಾರು ಮಾಡ್ಕೋಬೇಡ. ಮೀನು ಸಿಕ್ತು ನೋಡು.

ಹಳೇ ಪಿಪೆಟ್ಟು

ನಂದಾದೀಪ ಅವರೇ, ಬರೆದದ್ದಕ್ಕೆ ಕೈಮುಗಿದೆ. ಇದನ್ನು ಹೇಳದೆ ಉಳಿಯುವವರೇ ಹೆಚ್ಚು. ಪ್ರಯೋಗಾಲಯದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ನಾನೇ ಮಾಡಿದ್ದೇನೆ: ತುಂಬಿದ ಪಿಸಿಆರ್ ಕೊಳವೆಯ ಮುಚ್ಚಳವನ್ನು ಮಾದರಿ ಕೋಣೆಯಲ್ಲೇ ತೆಗೆದು ಒಂದು ತಿಂಗಳ ಕೆಲಸ ಹಾಳು ಮಾಡಿದೆ. ಕೊಳವೆಯಲ್ಲಿ ಹೆಚ್ಚಿದ ಡಿಎನ್‌ಎ ಕೋಣೆ ತುಂಬ ಹರಡಿ, ಆಮೇಲೆ ಮುಟ್ಟಿದ್ದೆಲ್ಲ ಪಾಸಿಟಿವ್.

ಸೋಪು ಕೊಳೆ ತೆಗೆಯುತ್ತದೆ, ಡಿಎನ್‌ಎಯನ್ನು ಪೂರ್ತಿ ಹಾಳುಮಾಡುವುದಿಲ್ಲ. ಅದಕ್ಕೆ ಬ್ಲೀಚ್ ಬೇಕು. ಮನೆಯಲ್ಲಿ ಬಳಸುವ ಬ್ಲೀಚನ್ನೇ ಹತ್ತು ಪಟ್ಟು ನೀರು ಬೆರೆಸಿ, ಹತ್ತು ನಿಮಿಷ ನೆನೆಸಿ, ಆಮೇಲೆ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಬ್ಲೀಚ್ ಉಳಿದರೆ ಮಾದರಿಯ ಡಿಎನ್‌ಎಯೂ ಹೋಗುತ್ತದೆ. ಕೈಗವಸು ಜಾಗದಿಂದ ಜಾಗಕ್ಕೆ ಬದಲಿಸಿ. ಅಕ್ವೇರಿಯಂ ಇರುವವರು ಬರಲಿ, ಹಕ್ಕಿ ಎಣಿಸಲಿ, ಬಾಟಲಿ ಮಾತ್ರ ಮುಟ್ಟುವುದು ಬೇಡ.

ಮತ್ತೆ ಮಾಡುವಾಗ ಮೆಟಾಬಾರ್‌ಕೋಡಿಂಗ್ ಬೇಡ. ಈಗ ಪ್ರಶ್ನೆ ಒಂದೇ, ಅದಕ್ಕೆ ಆ ಮೀನಿಗೆಂದೇ ಮಾಡಿದ ಪಿಸಿಆರ್ ಸಾಕು, ಸೂಕ್ಷ್ಮವೂ ಹೌದು. ಒಂದು ಎಚ್ಚರಿಕೆ: ಹೊರನಾಡಿಗೆ ಹೋದ ಈ ಮೀನುಗಳಲ್ಲಿ ಎರಡು ಜಾತಿ ಬೆರೆತಿರುವುದುಂಟು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಬೆರಕೆ ಮೀನು ತಾಯಿಯ ಹೆಸರನ್ನಷ್ಟೇ ಹೇಳುತ್ತದೆ. ವರದಿಯಲ್ಲಿ ಕುಲದ ಹೆಸರಿಗೇ ನಿಲ್ಲಿಸಿದ್ದು ಪ್ರಾಮಾಣಿಕ ಕೆಲಸ.

ಕೆರೆಕಾವಲು

ಎಲ್ಲರಿಗೂ ಧನ್ಯವಾದ. ನಂದಾ ಮೇಲೆ ಯಾರಿಗೂ ಸಿಟ್ಟಿಲ್ಲ. ಮತ್ತೆ ಮಾಡುತ್ತೇವೆ. ಈ ಸಲ ಆರು ಜಾಗ, 20 ಬಾಟಲಿ, ಎರಡು ಬ್ಲ್ಯಾಂಕ್.

ನಂದಾದೀಪ

ನಾನು ಹಕ್ಕಿ ಎಣಿಸ್ತೀನಿ.

ಅಂಕಿಮನೆ

ವರದಿ ಬರುವ ಮೊದಲೇ ಗುಂಪಿನಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ಬಂದರೆ ಏನು ಮಾಡುತ್ತೀರಿ ಅಂತ. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆದರೆ ಎಲ್ಲರೂ ತಮಗೆ ಬೇಕಾದ ಕಡೆ ಎಳೆಯುತ್ತಾರೆ.

ಅಂದ ಹಾಗೆ, ಮಾದರಿಗಳಲ್ಲಿ ಮನುಷ್ಯರ ಡಿಎನ್‌ಎಯೂ ಸೇರುತ್ತೆ. ಫ್ಲೋರಿಡಾದಲ್ಲಿ ಕಡಲಾಮೆಗೆಂದು ತೆಗೆದ ನೀರು-ಮರಳಿನಲ್ಲಿ, ಗುರುತಿಗೆ ಬರುವಷ್ಟು ಉದ್ದದ ಮನುಷ್ಯ ಡಿಎನ್‌ಎ ಸಿಕ್ಕಿತು ಅಂತ 2023ರಲ್ಲಿ ದೊಡ್ಡ ಚರ್ಚೆಯಾಯಿತು. ಉಳಿದ ಡಿಎನ್‌ಎ ಯಾರ ಬಳಿ ಇರುತ್ತದೆ ಅಂತ ಪ್ರಯೋಗಾಲಯವನ್ನು ಕೇಳಿಡಿ.

ಕೆರೆಕಾವಲು (ಐದು ವಾರದ ನಂತರ)

ವರದಿ ಬಂತು. ಎರಡೂ ಬ್ಲ್ಯಾಂಕ್ ಖಾಲಿ. ಮೆಟ್ಟಿಲ ಹತ್ತಿರದ ಬಾಟಲಿಗಳೂ ಖಾಲಿ, ಅಂದರೆ ಮೊದಲ ಸಲ ಬಂದದ್ದು ಮಗ್ಗಿನದ್ದೇ ಇರಬೇಕು.

ಆದರೆ ಕಾಲುವೆ ಬಾಯಿಯ ನಾಲ್ಕು ಬಾಟಲಿಗಳಲ್ಲಿ ಮೂರು ಪಾಸಿಟಿವ್. ಮೊದಲ ಸಲ ನಾವು ಆ ಕಡೆ ಹೋಗೇ ಇರಲಿಲ್ಲ, ಮುಳ್ಳುಪೊದೆ ಅಂತ ಬಿಟ್ಟಿದ್ದೆವು. ಮೊದಲೇ ಗೆರೆ ಎಳೆದುಕೊಂಡಿದ್ದೆವು: ಒಂದೇ ಜಾಗದಲ್ಲಿ ಎರಡಕ್ಕಿಂತ ಹೆಚ್ಚು ಬಂದರೆ ಮೀನನ್ನೇ ಹುಡುಕುವುದು, ಸಿಗುವವರೆಗೆ ಊರಿಗೆ ಸಾರುವುದಿಲ್ಲ, ಸಂಬಂಧಪಟ್ಟ ಇಲಾಖೆಗೆ ಮಾತ್ರ ಪತ್ರ. ಪತ್ರ ಹೋಗಿದೆ.

ತೆಂಕಣಗಾಳಿ

ಕಾಲುವೆಯ ಮೇಲ್ಭಾಗದಲ್ಲೂ ಎರಡು ಮೂರು ಕಡೆ ನೀರು ತೆಗೆಯಿರಿ. ಮೇಲೆ ಹೋದಂತೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಉತ್ತರ ಇದೆ. ಕೆಳಗಿನಿಂದ ಮೇಲಕ್ಕೆ ಹೋಗಿ, ಇಲ್ಲದಿದ್ದರೆ ನೀವೇ ಕಲಕಿದ್ದು ನಿಮ್ಮ ಬಾಟಲಿಗೆ ಬರುತ್ತದೆ.

ಬಲೆಬೀಸು

ಅಣ್ಣ, ಆ ಮೂಲೆಯಲ್ಲಿ ದಂಡೆ ಮಣ್ಣಲ್ಲಿ ನೀರಿನ ಮಟ್ಟದ ಹತ್ರ ತೂತು ನೋಡಿದ್ರಾ? ಮುಷ್ಟಿ ಹೋಗೋಷ್ಟು ಇದ್ರೆ ಕೈ ಹಾಕ್ಬೇಡಿ, ಈಜುರೆಕ್ಕೆಯ ಮುಳ್ಳು ಚುಚ್ಚುತ್ತೆ. ಇದು ಹಗಲು ಅಡಗಿರುತ್ತೆ, ರಾತ್ರಿ ಮೇಯುತ್ತೆ. ನೀವು ಬಲೆ ಬೀಸ್ತಿದ್ದದ್ದು ಬೆಳಗ್ಗೆ ಅಲ್ವಾ? ಅದಕ್ಕೇ ಬಿದ್ದಿಲ್ಲ ಅಂತ ಕಾಣ್ಸುತ್ತೆ. ಶನಿವಾರ ರಾತ್ರಿ ನಾನೂ ಬರ್ತೀನಿ, ಬಲೆ ನಂದೇ.

ಬಲೇನೂ ಬ್ಲೀಚಲ್ಲಿ ನೆನೆಸ್ಬೇಕಾ?

ಹಳೇ ಪಿಪೆಟ್ಟು

ನೆನೆಸಿ. ಆದರೂ ಮೊದಲು ನೀರು ತೆಗೆಯಲಿ, ಆಮೇಲೆ ನೀವು ಬಲೆ ಇಳಿಸಿ.